ಡೆರಿವೇಟಿವ್ ಅಂದರೆ ಏನು? ಯಾವ ಕೆಲಸಕ್ಕೆ ಅದು ಎಷ್ಟು ಬೇಕು?

ಎಐ ಅಥವಾ ಡೇಟಾ ಸೈನ್ಸ್ ಕಲಿಯೋಣ ಅಂತ ಹೊರಟವರಿಗೆ ಮೊದಲ ಕೆಲವು ಪಾಠಗಳು ಸರಾಗವಾಗಿ ಸಾಗುತ್ತವೆ. ಪೈಥಾನ್ ಒಗ್ಗುತ್ತದೆ, ಡೇಟಾ ಓದಿ ನಕ್ಷೆ ಬಿಡಿಸುವುದು ಬರುತ್ತದೆ. ಆಮೇಲೆ ಒಂದು ದಿನ ಪಾಠದಲ್ಲಿ 'ಗ್ರೇಡಿಯೆಂಟ್' ಎಂಬ ಪದ ಬರುತ್ತದೆ, ಅದರ ಬೆನ್ನಿಗೇ 'ಡೆರಿವೇಟಿವ್'. ಕಾಲೇಜಿನ ಗಣಿತ ಮರೆತವರು, ಗಣಿತವನ್ನೇ ತೆಗೆದುಕೊಳ್ಳದವರು ಅಲ್ಲಿಗೆ ಕಲಿಕೆ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ಕಡೆ, ಬದಲಾವಣೆಯ ಗಣಿತವಾದ ಕ್ಯಾಲ್ಕುಲಸ್ ಓದುತ್ತಿರುವ ವಿದ್ಯಾರ್ಥಿಗಳದ್ದು ಬೇರೆಯೇ ಪ್ರಶ್ನೆ: ಸೂತ್ರಗಳನ್ನೇನೋ ಬಾಯಿಪಾಠ ಮಾಡಿದ್ದೇವೆ, ಇದರಿಂದ ಮುಂದೆ ಏನು ಉಪಯೋಗ?

ಇಬ್ಬರಿಗೂ ಬೇಕಾದ ಉತ್ತರ ಒಂದೇ. ಡೆರಿವೇಟಿವ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಯಾವ ಉದ್ಯೋಗದಲ್ಲಿ ಅದು ಬೇಕಾಗುತ್ತದೆ, ಯಾಕೆ ಬೇಕಾಗುತ್ತದೆ ಅನ್ನುವುದೂ ಆಗ ತಾನಾಗಿ ಹೊಳೆಯುತ್ತದೆ.

## ಇದು ಬದಲಾದರೆ ಅದು ಎಷ್ಟು ಬದಲಾಗುತ್ತದೆ?

ಮೊದಲು 'ಫಂಕ್ಷನ್' ಅಂದರೆ ಏನು ನೋಡೋಣ. ಒಂದು ಸಂಖ್ಯೆ ಕೊಟ್ಟರೆ ಅದಕ್ಕೆ ಸರಿಯಾಗಿ ಇನ್ನೊಂದು ಸಂಖ್ಯೆ ಕೊಡುವ ನಿಯಮವೇ ಫಂಕ್ಷನ್. ಚೌಕದ ಬದಿಯ ಉದ್ದ ಕೊಟ್ಟರೆ ವಿಸ್ತೀರ್ಣ ಸಿಗುತ್ತದೆ. ಎಷ್ಟು ಹೊತ್ತು ಕಳೆಯಿತು ಅಂತ ಕೊಟ್ಟರೆ ವಾಹನ ಎಷ್ಟು ದೂರ ಹೋಗಿದೆ ಅಂತ ಸಿಗುತ್ತದೆ. ಒಂದರ ಮೇಲೆ ಇನ್ನೊಂದು ಅವಲಂಬಿಸಿದೆ, ಅಷ್ಟೇ.

ಈಗ ಕೇಳಬೇಕಾದ ಪ್ರಶ್ನೆ: ಮೊದಲನೆಯದನ್ನು ಒಂದು ಚೂರು ಬದಲಿಸಿದರೆ ಎರಡನೆಯದು ಎಷ್ಟು ಬದಲಾಗುತ್ತದೆ? ಎರಡನೆಯದರ ಬದಲಾವಣೆಯನ್ನು ಮೊದಲನೆಯದರ ಬದಲಾವಣೆಯಿಂದ ಭಾಗಿಸಿದರೆ ಬದಲಾವಣೆಯ ದರ ಸಿಗುತ್ತದೆ. ವಾಹನ 3 ಗಂಟೆಯಲ್ಲಿ 150 ಕಿಲೋಮೀಟರ್ ಹೋದರೆ ದರ ಗಂಟೆಗೆ 50. ಇಲ್ಲಿವರೆಗೆ ಬರೀ ಭಾಗಾಕಾರ.

ಆದರೆ ಈ 50 ಇಡೀ ಪ್ರಯಾಣದ ಸರಾಸರಿ. ದಾರಿಯಲ್ಲಿ ವಾಹನ ನಿಂತಿರಬಹುದು, ಒಮ್ಮೆ 90ಕ್ಕೆ ಏರಿರಬಹುದು. ಸರಿಯಾಗಿ ಒಂದು ಕ್ಷಣದಲ್ಲಿ ಎಷ್ಟು ವೇಗ ಇತ್ತು ಅಂತ ಕೇಳಿದರೆ ಸರಾಸರಿ ಉತ್ತರ ಕೊಡುವುದಿಲ್ಲ. ಆ ಕ್ಷಣದ ದರಕ್ಕೇ ಡೆರಿವೇಟಿವ್ ಅಂತ ಹೆಸರು. ಅದನ್ನು ಕಂಡುಹಿಡಿಯುವ ಕೆಲಸ ಡಿಫರೆನ್ಸಿಯೇಷನ್, ಕನ್ನಡ ಪಠ್ಯದಲ್ಲಿ ಅವಕಲನ.

ಇಲ್ಲೊಂದು ತೊಡಕಿದೆ. ಒಂದು ಕ್ಷಣ ಅಂದರೆ ಸಮಯ ಸ್ವಲ್ಪವೂ ಸರಿದಿಲ್ಲ ಎಂದರ್ಥ. ಸಮಯ ಸರಿಯದಿದ್ದರೆ ದೂರವೂ ಸರಿಯುವುದಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದು ಹೇಗೆ? ಶತಮಾನಗಳ ಕಾಲ ದೊಡ್ಡ ದೊಡ್ಡ ತಲೆಗಳನ್ನು ಕಾಡಿದ ಪ್ರಶ್ನೆ ಇದು. ಲೆಕ್ಕ ಮಾಡಿಯೇ ನೋಡೋಣ.

## ಬೀಳುವ ಕಲ್ಲಿನ ಲೆಕ್ಕ

ಎತ್ತರದಿಂದ ಒಂದು ಕಲ್ಲನ್ನು ಕೈಬಿಟ್ಟರೆ, ಗಾಳಿಯ ತಡೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಅದು ಬಿದ್ದ ದೂರ ಮೀಟರಿನಲ್ಲಿ 4.9 × ಸಮಯ². 2 ಸೆಕೆಂಡಿಗೆ 4.9 × 4, ಅಂದರೆ 19.6 ಮೀಟರ್. 3 ಸೆಕೆಂಡಿಗೆ 44.1 ಮೀಟರ್.

ಸರಿಯಾಗಿ 2ನೇ ಸೆಕೆಂಡಿನಲ್ಲಿ ಕಲ್ಲಿನ ವೇಗ ಎಷ್ಟು? ಅಲ್ಲಿಂದ ಮುಂದೆ ಚಿಕ್ಕ ಚಿಕ್ಕ ಅವಧಿಗಳ ಸರಾಸರಿ ತೆಗೆಯುತ್ತಾ ಹೋಗೋಣ.

2ರಿಂದ 3 ಸೆಕೆಂಡ್: ಸರಾಸರಿ ವೇಗ ಸೆಕೆಂಡಿಗೆ 24.5 ಮೀಟರ್
2ರಿಂದ 2.1 ಸೆಕೆಂಡ್: 20.09
2ರಿಂದ 2.01 ಸೆಕೆಂಡ್: 19.649
2ರಿಂದ 2.001 ಸೆಕೆಂಡ್: 19.6049

ಅವಧಿ ಚಿಕ್ಕದಾದಷ್ಟೂ ಉತ್ತರ 19.6ರ ಹತ್ತಿರ ಬಂದು ಕೂರುತ್ತಿದೆ. ಅವಧಿಯನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಿ, ಅದು 19.6ನ್ನು ದಾಟಿ ಕೆಳಗೆ ಹೋಗುವುದಿಲ್ಲ, ಬೇರೆ ಯಾವ ಸಂಖ್ಯೆಯ ಕಡೆಗೂ ತಿರುಗುವುದಿಲ್ಲ. ಹೀಗೆ ಲೆಕ್ಕ ಯಾವ ಸಂಖ್ಯೆಯತ್ತ ಸಾಗುತ್ತದೋ ಅದನ್ನು 'ಲಿಮಿಟ್' ಅನ್ನುತ್ತಾರೆ. ಸೊನ್ನೆಯಿಂದ ಭಾಗಿಸುವ ಪ್ರಮೇಯವೇ ಬರಲಿಲ್ಲ ನೋಡಿ. ಸೊನ್ನೆಯ ಹತ್ತಿರ ಹತ್ತಿರ ಹೋದೆವು, ಉತ್ತರ ಎತ್ತ ಸಾಗುತ್ತಿದೆ ಅಂತ ಗಮನಿಸಿದೆವು.

ಪ್ರತಿ ಸಲ ಹೀಗೆ ನಾಲ್ಕು ಲೆಕ್ಕ ಮಾಡಬೇಕಾಗಿಲ್ಲ. ಸಮಯವನ್ನು 'ಟಿ' ಅನ್ನೋಣ, ಚಿಕ್ಕ ಅವಧಿಯನ್ನು 'ಎಚ್' ಅನ್ನೋಣ. ಟಿ ಇಂದ ಟಿ + ಎಚ್ ವರೆಗಿನ ದೂರವನ್ನು ಎಚ್‌ನಿಂದ ಭಾಗಿಸಿ ಬಿಡಿಸಿದರೆ ಉಳಿಯುವುದು 4.9 × (2ಟಿ + ಎಚ್). ಎಚ್ ಕರಗುತ್ತಾ ಹೋದಂತೆ ಇದು 9.8ಟಿ ಆಗುತ್ತದೆ. ಅಷ್ಟೇ. ಈಗ ಯಾವ ಕ್ಷಣದ ವೇಗ ಬೇಕಾದರೂ ಒಂದು ಗುಣಾಕಾರದಲ್ಲಿ ಸಿಗುತ್ತದೆ: 2ನೇ ಸೆಕೆಂಡಿಗೆ 19.6, 5ನೇ ಸೆಕೆಂಡಿಗೆ 49. ಒಂದು ಫಂಕ್ಷನ್‌ನಿಂದ ಇನ್ನೊಂದು ಫಂಕ್ಷನ್ ಹುಟ್ಟಿತು, ಅಲ್ವಾ? ಮೊದಲನೆಯದು ದೂರ ಹೇಳುತ್ತದೆ, ಎರಡನೆಯದು ವೇಗ ಹೇಳುತ್ತದೆ.

ಇದನ್ನೇ ನಕ್ಷೆಯಲ್ಲಿ ನೋಡಬಹುದು. ದೂರದ ನಕ್ಷೆ ಮೇಲಕ್ಕೆ ಬಾಗುವ ಗೆರೆ. ಅದರ ಮೇಲೆ ಒಂದು ಬಿಂದು ಹಿಡಿದು, ಜಿಯೋಜೀಬ್ರಾ ಅಥವಾ ಡೆಸ್ಮೋಸ್‌ನಂಥ ಉಚಿತ ತಂತ್ರಾಂಶದಲ್ಲಿ ಜೂಮ್ ಮಾಡುತ್ತಾ ಹೋಗಿ. ಬಾಗಿದ ಗೆರೆ ನಿಧಾನಕ್ಕೆ ನೇರ ಗೆರೆಯಂತೆ ಕಾಣತೊಡಗುತ್ತದೆ. ಆ ನೇರ ಗೆರೆ ಎಷ್ಟು ಓರೆಯಾಗಿದೆ ಅನ್ನುವುದೇ ಆ ಬಿಂದುವಿನ ಡೆರಿವೇಟಿವ್. ಈ ಓರೆಯ ಅಳತೆಗೆ ಸ್ಲೋಪ್ ಅನ್ನುತ್ತಾರೆ. ಗೆರೆ ಏರುತ್ತಿದ್ದರೆ ಡೆರಿವೇಟಿವ್ ಧನ, ಇಳಿಯುತ್ತಿದ್ದರೆ ಋಣ, ಮಟ್ಟಸವಾಗಿದ್ದರೆ ಸೊನ್ನೆ. ಎಷ್ಟೇ ಜೂಮ್ ಮಾಡಿದರೂ ಮೂಲೆ ಮೂಲೆಯಾಗಿಯೇ ಉಳಿದರೆ ಅಲ್ಲಿ ಡೆರಿವೇಟಿವ್ ಇಲ್ಲ ಎಂದರ್ಥ.

## ಹಳೆಯ ಪ್ರಶ್ನೆ, ತಡವಾದ ಉತ್ತರ

ಆಕಾಶಕಾಯಗಳ ಲೆಕ್ಕ ಮಾಡುವವರಿಗೆ ಈ ಪ್ರಶ್ನೆ ಬಹಳ ಹಿಂದೆಯೇ ಎದುರಾಗಿತ್ತು. ಗ್ರಹಗಳ ವೇಗ ದಿನದಿಂದ ದಿನಕ್ಕೆ ಬದಲಾಗುತ್ತದೆ. ಎರಡನೇ ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯಲ್ಲಿ 'ತಾತ್ಕಾಲಿಕ ಗತಿ' ಎಂದು ಕರೆದು, ಆ ಹೊತ್ತಿನ ವೇಗವನ್ನು ಲೆಕ್ಕ ಹಾಕಿದ್ದ. ಆದರೆ ಯಾವ ಫಂಕ್ಷನ್‌ಗೆ ಬೇಕಾದರೂ ಅನ್ವಯಿಸುವ ಪೂರ್ತಿ ವಿಧಾನ ಬಂದದ್ದು 17ನೇ ಶತಮಾನದಲ್ಲಿ. ಪ್ಲೇಗ್‌ನಿಂದ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದ್ದ 1665-66ರ ಸುಮಾರಿಗೆ ನ್ಯೂಟನ್ ಅದನ್ನು ಕಟ್ಟಿದ, ಆದರೆ ಪ್ರಕಟಿಸಲಿಲ್ಲ. ಲೈಬ್ನಿಟ್ಸ್ ತನ್ನದೇ ದಾರಿಯಲ್ಲಿ ಅಲ್ಲಿಗೆ ಬಂದು 1684ರಲ್ಲಿ ಪ್ರಕಟಿಸಿದ. ಯಾರು ಮೊದಲು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಡೆರಿವೇಟಿವ್‌ಗೆ ಇಂದು ನಾವು ಬರೆಯುವ 'ಡಿವೈ ಬೈ ಡಿಎಕ್ಸ್' ಎಂಬ ಗುರುತು ಲೈಬ್ನಿಟ್ಸ್‌ನ ಕೊಡುಗೆ.

ಗಮನಿಸಬೇಕಾದ ವಿಷಯ ಇನ್ನೊಂದಿದೆ. ಲಿಮಿಟ್ ಎಂಬ ಕಲ್ಪನೆಗೆ ಗಟ್ಟಿ ತಳಪಾಯ ಹಾಕಿದವರು ಕೋಶಿ ಮತ್ತು ವಯರ್‌ಸ್ಟ್ರಾಸ್, ಅದೂ 19ನೇ ಶತಮಾನದಲ್ಲಿ. ಅಂದರೆ ಸುಮಾರು ನೂರೈವತ್ತು ವರ್ಷ ಜನ ಡೆರಿವೇಟಿವ್ ಬಳಸಿ ಗ್ರಹಗಳ ಚಲನೆ ಲೆಕ್ಕ ಹಾಕಿದರು, ಅಡಿಪಾಯ ಆಮೇಲೆ ಬಂತು. ಲಿಮಿಟ್‌ನ ವ್ಯಾಖ್ಯೆ ಮೊದಲ ಓದಿಗೆ ತಲೆಗೆ ಹೋಗದಿದ್ದರೆ ಗಾಬರಿಯಾಗಬೇಡಿ. ಬಳಸುತ್ತಾ ಹೋಗಿ, ಅದು ಆಮೇಲೆ ಅರ್ಥವಾಗುತ್ತದೆ.

## ಹಣದುಬ್ಬರ ಇಳಿದರೂ ಬೆಲೆ ಯಾಕೆ ಇಳಿಯುವುದಿಲ್ಲ?

ಡೆರಿವೇಟಿವ್‌ಗೂ ಡೆರಿವೇಟಿವ್ ತೆಗೆಯಬಹುದು. ದೂರದ ಡೆರಿವೇಟಿವ್ ವೇಗ. ವೇಗದ ಡೆರಿವೇಟಿವ್ ವೇಗೋತ್ಕರ್ಷ, ಅಂದರೆ ವೇಗ ಎಷ್ಟು ಬೇಗ ಏರುತ್ತಿದೆ ಅನ್ನುವುದು. ಇದನ್ನು ಎರಡನೇ ಡೆರಿವೇಟಿವ್ ಅನ್ನುತ್ತಾರೆ.

ಗಣಿತ ಓದದವರಿಗೂ ಇದು ದಿನಾ ಎದುರಾಗುತ್ತದೆ. 'ಹಣದುಬ್ಬರ 8ರಿಂದ ಶೇಕಡಾ 5ಕ್ಕೆ ಇಳಿದಿದೆ' ಎಂಬ ಸುದ್ದಿ ಓದಿ, ಹಾಗಾದರೆ ಬೆಲೆ ಯಾಕೆ ಕಡಿಮೆಯಾಗಿಲ್ಲ ಅಂತ ಸಿಟ್ಟಾಗುವವರು ಜಾಸ್ತಿ. ಹಣದುಬ್ಬರ ಅಂದರೆ ಬೆಲೆ ಏರುವ ದರ. ಬೆಲೆ ದೂರವಿದ್ದಂತೆ ಅಂದುಕೊಂಡರೆ ಹಣದುಬ್ಬರ ಅದರ ವೇಗ. ವೇಗ 8ರಿಂದ 5ಕ್ಕೆ ಇಳಿದರೂ ಬೆಲೆ ಮುಂದಕ್ಕೇ ಹೋಗುತ್ತಿರುತ್ತದೆ, ಸ್ವಲ್ಪ ನಿಧಾನವಾಗಿ. ಬೆಲೆ ನಿಜಕ್ಕೂ ಇಳಿಯಬೇಕಾದರೆ ಹಣದುಬ್ಬರ ಸೊನ್ನೆಗಿಂತ ಕೆಳಗೆ ಹೋಗಬೇಕು.

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್, ಹಣದುಬ್ಬರದ ಏರಿಕೆಯ ದರ ತಗ್ಗುತ್ತಿದೆ ಎಂದು ಹೇಳಿದ್ದರು. ಬಿಡಿಸಿ ನೋಡಿ: ಹಣದುಬ್ಬರ ಮೊದಲ ಡೆರಿವೇಟಿವ್, ಅದರ ಏರಿಕೆ ಎರಡನೆಯದು, ಆ ಏರಿಕೆ ತಗ್ಗುವುದು ಮೂರನೆಯದು. ಬೆಲೆ ಏರುತ್ತಲೇ ಇತ್ತು, ಏರುವ ವೇಗವೂ ಏರುತ್ತಿತ್ತು. ಆದರೂ ಕಿವಿಗೆ ಒಳ್ಳೆಯ ಸುದ್ದಿಯಂತೆ ಕೇಳುವ ಮಾತು ಅದು. ಯಾವ ಮಟ್ಟದ ದರದ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಕೇಳಿಕೊಳ್ಳುವುದನ್ನು ಡೆರಿವೇಟಿವ್ ಕಲಿಸುತ್ತದೆ. ಪತ್ರಕರ್ತರಿಗೂ ನೀತಿ ರೂಪಿಸುವವರಿಗೂ ಈ ಪಾಠ ಇಷ್ಟಾದರೂ ಬೇಕು ಅನ್ನುವುದು ನನ್ನ ಬಲವಾದ ನಂಬಿಕೆ.

ಕೋವಿಡ್ ಸಮಯದಲ್ಲಿ ನಾವೆಲ್ಲ ಇದನ್ನು ಕಂಡೆವು. ಒಟ್ಟು ಸೋಂಕಿತರ ಸಂಖ್ಯೆ ಮೊದಲ ಫಂಕ್ಷನ್. ದಿನದ ಹೊಸ ಪ್ರಕರಣಗಳು ಅದರ ಡೆರಿವೇಟಿವ್. ಹೊಸ ಪ್ರಕರಣಗಳ ಏರಿಕೆ ನಿಧಾನವಾಗುವುದು ಎರಡನೇ ಡೆರಿವೇಟಿವ್ ತಗ್ಗುವುದು, ಅಲೆ ತಿರುಗುವ ಮೊದಲ ಸುಳಿವು ಅದರಲ್ಲೇ ಸಿಗುತ್ತಿತ್ತು. ಸೋಂಕು ಹರಡುವುದನ್ನು ಬದಲಾವಣೆಯ ದರಗಳಾಗಿ ಬರೆಯುವ ಮಾದರಿಯನ್ನು ಕರ್ಮಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲೇ ಪ್ರಕಟಿಸಿದ್ದರು. ಸಾಂಕ್ರಾಮಿಕ ರೋಗಗಳ ತಜ್ಞರು ಇಂದಿಗೂ ಅದೇ ಮಾದರಿಯನ್ನು ಬೆಳೆಸಿ ಬಳಸುತ್ತಾರೆ.

## ನಿಯಮಗಳು ಕೆಲವೇ, ಎಡವುವುದು ಎರಡು ಕಡೆ

ಕಲಿಯಬೇಕಾದ ಮುಖ್ಯ ನಿಯಮಗಳು ಬೆರಳೆಣಿಕೆಯಷ್ಟು. ಘಾತದ ನಿಯಮ ಎಲ್ಲಕ್ಕಿಂತ ಹೆಚ್ಚು ಬಳಕೆಯದು: ಘಾತ ಕೆಳಗಿಳಿದು ಮುಂದೆ ನಿಲ್ಲುತ್ತದೆ, ಮೇಲೆ ಒಂದು ಕಡಿಮೆಯಾಗುತ್ತದೆ. ಎಕ್ಸ್³ ಇದ್ದರೆ 3ಎಕ್ಸ್². ಕೂಡಿಸಿದ್ದಕ್ಕೆ ಒಂದೊಂದರದ್ದೂ ತೆಗೆದು ಕೂಡಿಸಿದರಾಯಿತು. ಸಾಮಾನ್ಯವಾಗಿ ಎಡವುವುದು ಗುಣಾಕಾರದಲ್ಲಿ ಮತ್ತು ಚೈನ್ ರೂಲ್‌ನಲ್ಲಿ.

ಎರಡು ಫಂಕ್ಷನ್‌ಗಳನ್ನು ಗುಣಿಸಿದ್ದರೆ ಅವುಗಳ ಡೆರಿವೇಟಿವ್‌ಗಳನ್ನೂ ಗುಣಿಸಿದರೆ ಸಾಕು ಅಂತ ಅನಿಸುತ್ತದೆ. ಪರೀಕ್ಷೆ ಮಾಡಿ ನೋಡಿ. ಎಕ್ಸ್² ಅಂದರೆ ಎಕ್ಸ್ × ಎಕ್ಸ್. ಒಂದೊಂದರ ಡೆರಿವೇಟಿವ್ 1. ಗುಣಿಸಿದರೆ 1. ಆದರೆ ಸರಿ ಉತ್ತರ 2ಎಕ್ಸ್. ಯಾಕೆ? ಒಂದು ಆಯತದ ಎರಡೂ ಬದಿ ಒಂದು ಚೂರು ಬೆಳೆದಾಗ ಎರಡು ಪಟ್ಟಿಗಳು ಸೇರಿಕೊಳ್ಳುತ್ತವೆ: ಉದ್ದದ ಪಕ್ಕ ಒಂದು, ಅಗಲದ ಪಕ್ಕ ಒಂದು. ಮೂಲೆಯ ಚಿಕ್ಕ ಚೂರು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಆದ್ದರಿಂದ ನಿಯಮದಲ್ಲಿ ಎರಡು ಭಾಗ: ಮೊದಲನೆಯದು ಹಾಗೇ ಇದ್ದು ಎರಡನೆಯದು ಬದಲಾದದ್ದು, ಎರಡನೆಯದು ಹಾಗೇ ಇದ್ದು ಮೊದಲನೆಯದು ಬದಲಾದದ್ದು. ಕಾಗದದ ಮೇಲೆ ಆ ಆಯತ ಒಮ್ಮೆ ಬರೆದವರು ನಿಯಮ ಮರೆಯುವುದಿಲ್ಲ.

ಚೈನ್ ರೂಲ್ ಅಂದರೆ ಕೊಂಡಿಗಳ ನಿಯಮ. ಬಲೂನಿಗೆ ಗಾಳಿ ತುಂಬುತ್ತಿದ್ದೀರಿ. ಸಮಯ ಸರಿದಂತೆ ತ್ರಿಜ್ಯ ಬೆಳೆಯುತ್ತದೆ, ತ್ರಿಜ್ಯ ಬೆಳೆದಂತೆ ಗಾತ್ರ ಬೆಳೆಯುತ್ತದೆ. ಗಾತ್ರ ಸಮಯಕ್ಕೆ ಎಷ್ಟು ಬೆಳೆಯುತ್ತದೆ ಅಂತ ಬೇಕಾದರೆ ಎರಡೂ ದರಗಳನ್ನು ಗುಣಿಸಬೇಕು. ತ್ರಿಜ್ಯ 10 ಸೆಂಟಿಮೀಟರ್ ಇದ್ದು, ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಬೆಳೆಯುತ್ತಿದೆ ಅನ್ನಿ. ಗೋಲದ ಗಾತ್ರದ ಡೆರಿವೇಟಿವ್ 4 × ಪೈ × ತ್ರಿಜ್ಯ². ಆಗ ಗಾತ್ರ ಬೆಳೆಯುವ ದರ 4 × ಪೈ × 100 × 0.5, ಅಂದರೆ ಸೆಕೆಂಡಿಗೆ ಸುಮಾರು 628 ಘನ ಸೆಂಟಿಮೀಟರ್. ಎಐ ಕಲಿಯುವವರು ಒಂದೇ ಒಂದು ನಿಯಮವನ್ನು ಮನಸ್ಸಿಟ್ಟು ಕಲಿಯುವುದಾದರೆ ಇದನ್ನೇ ಕಲಿಯಲಿ.

## ಎಐ ತರಬೇತಿಯ ಒಳಗೆ

ಎಐ ಮಾದರಿ ಅಂದರೆ ಬಹಳ ದೊಡ್ಡ ಫಂಕ್ಷನ್. ಅದರೊಳಗೆ ಲಕ್ಷ, ಕೋಟಿಗಟ್ಟಲೆ ಸಂಖ್ಯೆಗಳಿರುತ್ತವೆ. ಅವುಗಳನ್ನು 'ವೇಟ್ಸ್' ಅನ್ನುತ್ತಾರೆ. ಮಾದರಿ ಕೊಟ್ಟ ಉತ್ತರ ಸರಿ ಉತ್ತರದಿಂದ ಎಷ್ಟು ದೂರ ಇದೆ ಅಂತ ಅಳೆಯುವ ಇನ್ನೊಂದು ಸಂಖ್ಯೆ ಇದೆ, ಅದು 'ಲಾಸ್'. ತರಬೇತಿ ಅಂದರೆ ಲಾಸ್ ಕಡಿಮೆಯಾಗುವಂತೆ ಆ ವೇಟ್‌ಗಳನ್ನು ತಿದ್ದುತ್ತಾ ಹೋಗುವುದು.

ಯಾವ ವೇಟನ್ನು ಯಾವ ಕಡೆಗೆ, ಎಷ್ಟು ತಿದ್ದಬೇಕು? ದಟ್ಟ ಮಂಜಿನಲ್ಲಿ ಬೆಟ್ಟ ಇಳಿಯುವವನಿಗೆ ಕಣಿವೆ ಕಾಣುವುದಿಲ್ಲ. ಆದರೆ ಕಾಲ ಕೆಳಗಿನ ನೆಲ ಯಾವ ಕಡೆಗೆ ಇಳಿಜಾರಾಗಿದೆ ಅನ್ನುವುದು ಗೊತ್ತಾಗುತ್ತದೆ. ಆ ಕಡೆಗೆ ಒಂದು ಹೆಜ್ಜೆ ಇಡುತ್ತಾನೆ, ಮತ್ತೆ ನೆಲ ಪರೀಕ್ಷಿಸುತ್ತಾನೆ. ಕಾಲ ಕೆಳಗಿನ ಆ ಇಳಿಜಾರೇ ಡೆರಿವೇಟಿವ್. ಎಲ್ಲ ವೇಟ್‌ಗಳ ಡೆರಿವೇಟಿವ್‌ಗಳನ್ನು ಒಟ್ಟಿಗೆ ಗ್ರೇಡಿಯೆಂಟ್ ಅನ್ನುತ್ತಾರೆ, ಈ ವಿಧಾನದ ಹೆಸರು ಗ್ರೇಡಿಯೆಂಟ್ ಡಿಸೆಂಟ್. ಮೇಲೆ ಬಂದ ಕೋಶಿ 1847ರಲ್ಲೇ ಇದನ್ನು ಸೂಚಿಸಿದ್ದ.

ಸಂಖ್ಯೆ ಹಾಕಿ ನೋಡೋಣ. ಒಂದೇ ವೇಟ್ ಇದೆ, ಲಾಸ್ = (ವೇಟ್ − 3)² ಅನ್ನಿ. 3 ಸರಿ ಉತ್ತರ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಡೆರಿವೇಟಿವ್ 2 × (ವೇಟ್ − 3). ವೇಟ್ ಸೊನ್ನೆಯಿಂದ ಶುರುವಾಗಲಿ. ಆಗ ಲಾಸ್ 9, ಡೆರಿವೇಟಿವ್ −6. ಋಣ ಇದೆ ಅಂದರೆ ವೇಟ್ ಹೆಚ್ಚಿಸಿದರೆ ಲಾಸ್ ಇಳಿಯುತ್ತದೆ. ಡೆರಿವೇಟಿವ್‌ನ ಹತ್ತನೇ ಒಂದು ಭಾಗದಷ್ಟು ಹೆಜ್ಜೆ ಇಟ್ಟರೆ ವೇಟ್ 0.6 ಆಗುತ್ತದೆ, ಲಾಸ್ 5.76ಕ್ಕೆ ಇಳಿಯುತ್ತದೆ. ಮುಂದಿನ ಹೆಜ್ಜೆಗೆ ವೇಟ್ 1.08, ಲಾಸ್ ಸುಮಾರು 3.69. ಅದರ ಮುಂದಿನದಕ್ಕೆ 1.464 ಮತ್ತು 2.36. ಗುರಿ ಹತ್ತಿರವಾದಂತೆ ಡೆರಿವೇಟಿವ್ ಚಿಕ್ಕದಾಗುತ್ತದೆ, ಹೆಜ್ಜೆಯೂ ತಾನಾಗಿ ಚಿಕ್ಕದಾಗುತ್ತದೆ. ಹತ್ತನೇ ಒಂದು ಅಂತ ನಾವು ಆರಿಸಿಕೊಂಡದ್ದೇ 'ಲರ್ನಿಂಗ್ ರೇಟ್'. ಅದನ್ನು 1 ಮಾಡಿ ನೋಡಿ: ವೇಟ್ 0ಯಿಂದ 6ಕ್ಕೆ ಹಾರುತ್ತದೆ, 6ರಿಂದ ಮತ್ತೆ 0ಗೆ. ಎಂದಿಗೂ ಮುಗಿಯುವುದಿಲ್ಲ.

ನಿಜವಾದ ಮಾದರಿಯಲ್ಲಿ ಪದರದ ಮೇಲೆ ಪದರ ಇರುತ್ತದೆ. ಕೊನೆಯ ಲಾಸ್‌ಗೂ ಮೊದಲ ಪದರದ ವೇಟ್‌ಗೂ ನಡುವೆ ಉದ್ದನೆಯ ಕೊಂಡಿ. ಕೊನೆಯ ಪದರದಿಂದ ಮೊದಲ ಪದರದ ಕಡೆಗೆ ಚೈನ್ ರೂಲ್ ಹಾಕುತ್ತಾ ಬರುವ ವಿಧಾನಕ್ಕೆ ಬ್ಯಾಕ್‌ಪ್ರಾಪಗೇಷನ್ ಅನ್ನುತ್ತಾರೆ. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಬರೆದ ಪ್ರಬಂಧದಿಂದ ಅದು ಹೆಸರಾಯಿತು. ಇಂದು ಪೈಟಾರ್ಚ್, ಟೆನ್ಸರ್‌ಫ್ಲೋ ಎಂಬ ಎಐ ತಂತ್ರಾಂಶಗಳು ಅದನ್ನು ತಾವಾಗಿಯೇ ಮಾಡುತ್ತವೆ. ಹಾಗಾದರೆ ಕಲಿಯುವುದು ಯಾಕೆ? ಲಾಸ್ ಇಳಿಯದೆ ನಿಂತಾಗ, ಗ್ರೇಡಿಯೆಂಟ್ ಸೊನ್ನೆಗೆ ಕರಗಿದಾಗ ಅಥವಾ ಸಿಡಿದು ದೊಡ್ಡದಾದಾಗ, ತಂತ್ರಾಂಶ ಕಾರಣ ಹೇಳುವುದಿಲ್ಲ. ಒಂದಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಹತ್ತಾರು ಪದರ ಗುಣಿಸಿದರೆ ಸೊನ್ನೆಯ ಹತ್ತಿರ ಬರುತ್ತದೆ ಅಂತ ಚೈನ್ ರೂಲ್ ಗೊತ್ತಿರುವವರಿಗೆ ಮಾತ್ರ ಹೊಳೆಯುತ್ತದೆ.

## ಯಂತ್ರ, ಸರ್ಕ್ಯೂಟ್, ಕ್ಯಾಮೆರಾ

ಎಂಜಿನಿಯರಿಂಗ್‌ನಲ್ಲಿ ಡೆರಿವೇಟಿವ್ ಇಲ್ಲದ ಶಾಖೆ ಸಿಗುವುದು ಕಷ್ಟ. ಕೆಪಾಸಿಟರ್‌ನಲ್ಲಿ ಹರಿಯುವ ಕರೆಂಟ್ ವೋಲ್ಟೇಜ್ ಬದಲಾಗುವ ದರಕ್ಕೆ ತಕ್ಕಂತೆ ಇರುತ್ತದೆ. ಸುರುಳಿಯಲ್ಲಿ ವೋಲ್ಟೇಜ್ ಕರೆಂಟ್ ಬದಲಾಗುವ ದರಕ್ಕೆ ತಕ್ಕಂತೆ. ಮೋಟರಿನ ಸ್ವಿಚ್ ಆರಿಸಿದಾಗ ಕಿಡಿ ಹಾರುವುದು ಇದಕ್ಕೇ: ಕರೆಂಟ್ ಕ್ಷಣದಲ್ಲಿ ಸೊನ್ನೆಗೆ ಬೀಳುತ್ತದೆ, ದರ ವಿಪರೀತ ಆಗುತ್ತದೆ, ವೋಲ್ಟೇಜ್ ಜಿಗಿಯುತ್ತದೆ.

ಡ್ರೋನ್‌ನಿಂದ ಹಿಡಿದು ಕಾರ್ಖಾನೆಯ ಬಾಯ್ಲರ್‌ವರೆಗೆ, ಯಂತ್ರವನ್ನು ಬೇಕಾದ ಮಟ್ಟದಲ್ಲಿ ತಾನಾಗಿ ಹಿಡಿದಿಡಲು ಬಳಸುವ ಪಿಐಡಿ ಕಂಟ್ರೋಲರ್‌ನಲ್ಲಿ 'ಡಿ' ಅಂದರೆ ಡೆರಿವೇಟಿವ್. 'ಪಿ' ಈಗ ಎಷ್ಟು ತಪ್ಪಿದೆ ಅಂತ ನೋಡುತ್ತದೆ. 'ಐ' ಇಲ್ಲಿವರೆಗಿನ ತಪ್ಪನ್ನು ಕೂಡಿಸುತ್ತದೆ. 'ಡಿ' ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಅಂತ ನೋಡಿ ಮೊದಲೇ ಬ್ರೇಕ್ ಹಾಕುತ್ತದೆ. 1922ರಲ್ಲಿ ಮಿನೋರ್‌ಸ್ಕಿ ಹಡಗುಗಳ ಸ್ವಯಂಚಾಲಿತ ಚುಕ್ಕಾಣಿಗಾಗಿ ಇದರ ಗಣಿತ ಬರೆದ. ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ಇನ್ನೊಂದು ಸಂಗತಿ: ಎಷ್ಟೋ ಕಡೆ 'ಡಿ'ಯನ್ನು ಆರಿಸಿಯೇ ಇಟ್ಟಿರುತ್ತಾರೆ. ಸೆನ್ಸರ್‌ನ ಅಳತೆ ಸ್ವಲ್ಪ ನಡುಗಿದರೂ ಅದರ ಡೆರಿವೇಟಿವ್ ಜೋರಾಗಿ ಕುಣಿಯುತ್ತದೆ.

ಫೋಟೋದಲ್ಲಿ ವಸ್ತುವಿನ ಅಂಚು ಎಲ್ಲಿದೆ ಅಂತ ಕಂಪ್ಯೂಟರ್ ಹುಡುಕುವುದೂ ಹೀಗೆ. ಒಂದು ಸಾಲಿನ ಪಿಕ್ಸೆಲ್‌ಗಳ ಬೆಳಕು 52, 53, 52, 180, 181 ಅಂತ ಇದೆ ಅನ್ನಿ. ಪಕ್ಕಪಕ್ಕದವುಗಳ ವ್ಯತ್ಯಾಸ 1, −1, 128, 1. ಆ 128 ಇರುವಲ್ಲಿ ಅಂಚು. ವ್ಯತ್ಯಾಸ ತೆಗೆದದ್ದೇ ಡೆರಿವೇಟಿವ್, ಇಲ್ಲಿ ಹೆಜ್ಜೆಯ ಅಳತೆ ಒಂದು ಪಿಕ್ಸೆಲ್.

## ಹಣಕಾಸು, ವ್ಯಾಪಾರ, ಔಷಧ

ಅರ್ಥಶಾಸ್ತ್ರದಲ್ಲಿ 'ಮಾರ್ಜಿನಲ್' ಅಂತ ಎಲ್ಲಿ ಕಂಡರೂ ಅಲ್ಲಿ ಡೆರಿವೇಟಿವ್ ಇದೆ ಅಂದುಕೊಳ್ಳಿ. ಒಂದು ವಸ್ತುವನ್ನು ಎಕ್ಸ್ ಸಂಖ್ಯೆಯಲ್ಲಿ ತಯಾರಿಸಲು ಖರ್ಚು 500 + 10ಎಕ್ಸ್ + 0.05ಎಕ್ಸ್². 200 ತಯಾರಿಸಿದರೆ ಒಟ್ಟು 4500, ಸರಾಸರಿ ಒಂದಕ್ಕೆ 22.5. ಮಾರುವ ಬೆಲೆ 25 ಇದ್ದರೆ ಲಾಭ ಇದೆ, ಇನ್ನಷ್ಟು ತಯಾರಿಸೋಣ ಅನಿಸುತ್ತದೆ. ಖರ್ಚಿನ ಡೆರಿವೇಟಿವ್ ತೆಗೆಯಿರಿ: 10 + 0.1ಎಕ್ಸ್. ಎಕ್ಸ್ 200 ಇದ್ದಾಗ ಅದು 30. ಅಂದರೆ ಮುಂದಿನ ಒಂದೊಂದು ವಸ್ತುವಿಗೂ ಸುಮಾರು 30 ಖರ್ಚು, ಸಿಗುವುದು 25. ಸರಾಸರಿ ಲಾಭ ತೋರಿಸುತ್ತಿದ್ದಾಗಲೇ ಹೊಸದಾಗಿ ತಯಾರಿಸಿದ್ದೆಲ್ಲ ನಷ್ಟ ತರುತ್ತಿದೆ. ಡೆರಿವೇಟಿವ್ 25ಕ್ಕೆ ಸಮನಾಗುವುದು 150ರಲ್ಲಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ಬೆಲೆ ನಿಗದಿ, ಉತ್ಪಾದನಾ ಯೋಜನೆ, ಜಾಹೀರಾತಿಗೆ ಹಣ ಹಂಚುವುದು, ಈ ಎಲ್ಲ ಕೆಲಸಗಳ ತಿರುಳು ಇದೇ ಲೆಕ್ಕ.

ಷೇರು ಮಾರುಕಟ್ಟೆಯಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗಳನ್ನು ಡೆರಿವೇಟಿವ್ಸ್ ಅನ್ನುವುದು ಬೇರೆ ವಿಷಯ, ಅವು ಒಪ್ಪಂದಗಳು. ಆದರೆ ಅವುಗಳ ಬೆಲೆ ಕಟ್ಟುವವರಿಗೆ ಕ್ಯಾಲ್ಕುಲಸ್ ಬೇಕೇ ಬೇಕು. 1973ರ ಬ್ಲ್ಯಾಕ್-ಶೋಲ್ಸ್ ಸೂತ್ರ ಅದರ ಮೇಲೇ ನಿಂತಿದೆ. ಆಪ್ಷನ್‌ನ 'ಡೆಲ್ಟಾ' 0.6 ಅಂದರೆ ಷೇರಿನ ಬೆಲೆ 1 ಏರಿದರೆ ಆಪ್ಷನ್ ಬೆಲೆ ಸುಮಾರು 0.6 ಏರುತ್ತದೆ. ವಿಮಾ ಕಂಪನಿಗಳಲ್ಲಿ ಅಪಾಯದ ಲೆಕ್ಕ ಹಾಕುವ ಆಕ್ಚುವರಿಗಳಿಗೆ ವಯಸ್ಸಿಗೆ ತಕ್ಕಂತೆ ಸಾವಿನ ಅಪಾಯ ಏರುವ ದರ ದಿನನಿತ್ಯದ ಲೆಕ್ಕ.

ಔಷಧ ತಯಾರಿಕೆಯಲ್ಲಿ, ಎಷ್ಟು ಗಂಟೆಗೊಮ್ಮೆ ಮಾತ್ರೆ ಕೊಡಬೇಕು ಅನ್ನುವುದು ದೇಹದಿಂದ ಔಷಧ ಹೊರಹೋಗುವ ದರದಿಂದ ಬರುತ್ತದೆ. ಬಹಳಷ್ಟು ಔಷಧಗಳಲ್ಲಿ ಆ ದರ ಉಳಿದಿರುವ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ. 100 ಮಿಲಿಗ್ರಾಂ ಇದ್ದಾಗ ಗಂಟೆಗೆ 10ರಂತೆ ಕಡಿಮೆಯಾಗುವುದು, 50 ಉಳಿದಾಗ ಗಂಟೆಗೆ 5ರಂತೆ. ಈ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 6.9 ಗಂಟೆ ಹಿಡಿಯುತ್ತದೆ. ನೀವು ಎಷ್ಟು ಕೊಟ್ಟು ಶುರುಮಾಡಿದರೂ ಆ ಅರ್ಧಾಯುಷ್ಯ ಬದಲಾಗುವುದಿಲ್ಲ.

## ಬೇಡವಾದ ಕೆಲಸಗಳೂ ಇವೆ

ವೆಬ್‌ಸೈಟ್, ಮೊಬೈಲ್ ಆ್ಯಪ್ ಕಟ್ಟುವವರಿಗೆ, ಲೆಕ್ಕಪತ್ರ ನೋಡುವವರಿಗೆ, ವಕೀಲರಿಗೆ ಡೆರಿವೇಟಿವ್ ತೆಗೆಯುವ ಸಂದರ್ಭ ಬರುವುದು ಅಪರೂಪ. ಡೇಟಾ ಅನಲಿಸ್ಟ್ ಕೆಲಸಕ್ಕೂ ಅಂಕಿಅಂಶ ಶಾಸ್ತ್ರ ಮತ್ತು ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಹೆಚ್ಚು ಮುಖ್ಯ. ಸಿದ್ಧ ಎಐ ಮಾದರಿಯನ್ನು ತಂದು ಬಳಸುವವರಿಗೆ ಅರ್ಥ ಗೊತ್ತಿದ್ದರೆ ಸಾಕು. ಹೊಸ ಮಾದರಿ ಕಟ್ಟುವ, ಸಂಶೋಧನೆ ಮಾಡುವ, ರೋಬಾಟ್ ನಡೆಸುವ, ಹಣಕಾಸಿನ ಅಪಾಯ ಅಳೆಯುವ ಕೆಲಸಗಳಿಗೆ ಪೂರ್ತಿ ಕಲಿಯಬೇಕು. ಸುಮ್ನೆ ಎಲ್ಲರಿಗೂ ಬೇಕು ಅಂತ ಹೇಳಿ ಹೆದರಿಸುವುದು ಸರಿಯಲ್ಲ.

## ಕಲಿಯುವುದಾದರೆ ಹೇಗೆ?

ಕ್ಯಾಲ್ಕುಲಸ್ ಅರ್ಥವಾಗುತ್ತಿಲ್ಲ ಅನ್ನುವವರ ತೊಂದರೆ ಹೆಚ್ಚಾಗಿ ಬೀಜಗಣಿತದಲ್ಲಿ ಇರುತ್ತದೆ. ಆವರಣ ಬಿಡಿಸುವುದು, ಭಿನ್ನರಾಶಿ, ಘಾತಗಳು ಕೈಗೆ ಒಗ್ಗದಿದ್ದರೆ ಡೆರಿವೇಟಿವ್‌ನ ಪ್ರತಿ ಸಾಲಿನಲ್ಲೂ ಮುಗ್ಗರಿಸಬೇಕಾಗುತ್ತದೆ. ಅವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆಮೇಲೆ ನಕ್ಷೆಗಳು: ಒಂದು ಫಂಕ್ಷನ್ ನೋಡಿ ಅದರ ಆಕಾರ ಊಹಿಸುವುದು, ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಬೆರಳಿಟ್ಟು ತೋರಿಸುವುದು. ನಿಯಮಗಳು ಅದರ ನಂತರ.

ಉತ್ತರ ಬರೆದಾಗಲೆಲ್ಲ ಅಳತೆಯ ಮಾನವನ್ನೂ (ಯೂನಿಟ್) ಬರೆಯಿರಿ: ಸೆಕೆಂಡಿಗೆ ಮೀಟರ್, ಗಂಟೆಗೆ ಮಿಲಿಗ್ರಾಂ, ವಸ್ತುವಿಗೆ ಇಷ್ಟು ಖರ್ಚು. ಯಾವುದು ಯಾವುದಕ್ಕೆ ಬದಲಾಗುತ್ತಿದೆ ಅನ್ನುವುದು ಮಾನದಲ್ಲೇ ಕಾಣುತ್ತದೆ. ಡೆರಿವೇಟಿವ್ ಸೊನ್ನೆ ಇದ್ದ ಕಡೆಯೆಲ್ಲ ಗರಿಷ್ಠ ಅಥವಾ ಕನಿಷ್ಠ ಅಂತ ಬರೆದುಬಿಡಬೇಡಿ. ಎಕ್ಸ್³ಗೆ ಸೊನ್ನೆಯಲ್ಲಿ ಡೆರಿವೇಟಿವ್ ಸೊನ್ನೆಯೇ, ಆದರೆ ಅಲ್ಲಿ ಶಿಖರವೂ ಇಲ್ಲ, ತಗ್ಗೂ ಇಲ್ಲ. ಗೆರೆ ಒಂದು ಕ್ಷಣ ಮಟ್ಟಸವಾಗಿ ಮತ್ತೆ ಏರುತ್ತದೆ.

ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳದೆ ನೋಡಿಕೊಳ್ಳುವ ದಾರಿಯೂ ಇದೆ. ಎಐ ಮಾದರಿ ಬರೆಯುವವರು ತಮ್ಮ ಕೋಡ್ ಪರೀಕ್ಷಿಸಲು ಇದನ್ನೇ ಬಳಸುತ್ತಾರೆ, 'ಗ್ರೇಡಿಯೆಂಟ್ ಚೆಕ್' ಅಂತ ಕರೆಯುತ್ತಾರೆ. ಎಕ್ಸ್³ಗೆ 2ರಲ್ಲಿ ಡೆರಿವೇಟಿವ್ 12 ಅಂತ ನಿಯಮ ಹೇಳುತ್ತದೆ. ಕ್ಯಾಲ್ಕುಲೇಟರ್ ತೆಗೆದು 2.001ರ ಘನ ನೋಡಿ: 8.012006. ಅದರಿಂದ 8 ಕಳೆದು 0.001ರಿಂದ ಭಾಗಿಸಿದರೆ 12.006. ಹತ್ತಿರ ಬಂತು, ಹಾಗಾಗಿ ಉತ್ತರ ಸರಿ ಇದೆ. 9 ಅಂತಲೋ 40 ಅಂತಲೋ ಬಂದಿದ್ದರೆ ಎಲ್ಲೋ ಒಂದು ಕೊಂಡಿ ಬಿಟ್ಟುಹೋಗಿದೆ. ಚೈನ್ ರೂಲ್ ಹಾಕಿದ ಸಾಲಿನಿಂದಲೇ ಹುಡುಕಲು ಶುರು ಮಾಡಿ.